ಮರ ಲಡ್ಡಾಗುವುದು ಗಾಳಿಯಿಂದಲೋ, ನೀರಿನಿಂದಲೋ?

ಮಳೆಗಾಲ ಮುಗಿದು ಮನೆಯ ಕಿಟಕಿಗಳನ್ನು ಪೂರ್ತಿ ತೆರೆಯುವ ಹೊತ್ತಿಗೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ಒಂದೇ ಥರದ ದೂರು ಕೇಳಿಬರುತ್ತದೆ. ಹೆಂಚಿನ ಭಾರ ಹೊರುವ ಪಕಾಸಿನ ತುದಿ ಲಡ್ಡಾಗಿದೆ, ಅಂದರೆ ಕೊಳೆತು ಮೆತ್ತಗಾಗಿದೆ. ದಾರಂದದ (ಬಾಗಿಲ ಚೌಕಟ್ಟಿನ) ಬುಡವನ್ನು ಬೆರಳಿನಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಮುಚ್ಚಿಗೆಯ ಹಲಗೆ ತುಂಬ ಬಿಳಿ ಬೂಷ್ಟು. ಯಾಕೆ ಹೀಗಾಯಿತು ಅಂದರೆ, "ಗಾಳಿಯಲ್ಲೇ ಫಂಗಸ್ ಜಾಸ್ತಿಯಾಗಿದೆ" ಎನ್ನುವವರು ಈಗ ಬಹಳ. ಅದಕ್ಕೆ ತಕ್ಕಂತೆ ಪೇಟೆಯಲ್ಲಿ ಫಂಗಸ್ ಕೊಲ್ಲುವ ಸ್ಪ್ರೇ ಸಿಗುತ್ತದೆ, ಫಂಗಸ್ ತಡೆಯುವ ಬಣ್ಣ ಸಿಗುತ್ತದೆ. ಮನೆಯ ಗಾಳಿಯನ್ನು ಪರೀಕ್ಷೆ ಮಾಡಿ ಬೀಜಕಗಳ ಲೆಕ್ಕ ಕೊಡುವವರೂ ಇದ್ದಾರೆ.

ಗಾಳಿಯಲ್ಲಿ ಶಿಲೀಂಧ್ರದ, ಅಂದರೆ ಫಂಗಸ್‌ನ ಬೀಜಕ (ಅದು ಹರಡಲು ಬಿಡುವ ಕಣ್ಣಿಗೆ ಕಾಣದ ಕಣ) ಇರುವುದು ಸತ್ಯ. ಮರ ಕೊಳೆಯುವುದು ಶಿಲೀಂಧ್ರದಿಂದ ಅನ್ನುವುದೂ ಸತ್ಯ. ಆದರೆ ಈ ಎರಡನ್ನು ಜೋಡಿಸಿ "ಗಾಳಿ ಕೆಟ್ಟಿದ್ದರಿಂದ ಮರ ಕೆಟ್ಟಿತು" ಅಂದರೆ ಲೆಕ್ಕ ತಪ್ಪುತ್ತದೆ. ಬೀಜಕ ಎಲ್ಲ ಮನೆಗೂ ಬರುತ್ತದೆ. ಕುಂಬಾಗುವುದು ಕೆಲವು ಮನೆಗಳ ಕೆಲವು ಮರ ಮಾತ್ರ. ಅದೂ ಇಡೀ ಪಕಾಸಲ್ಲ, ಅದರ ಒಂದು ತುದಿ. ಇಡೀ ಬಾಗಿಲಲ್ಲ, ಅದರ ಬುಡದ ನಾಲ್ಕು ಇಂಚು. ಆ ತುದಿಯಲ್ಲಿ, ಆ ನಾಲ್ಕು ಇಂಚಿನಲ್ಲಿ ಏನು ನಡೆಯುತ್ತದೆ ಅಂತ ನೋಡಿದರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಗಾಳಿಯ ವಿಷಯ ನೋಡೋಣ. ಅಡಿಕೆ, ತೆಂಗು ಬೆಳೆಯುವವರಿಗೆ ಅಣಬೆ ರೋಗ ಗೊತ್ತಿರುತ್ತದೆ. ಮರದ ಬುಡದಲ್ಲಿ ಕಂದು ಬಣ್ಣದ, ಮೇಲೆ ಮೆರುಗು ಹಚ್ಚಿದಂತಿರುವ ಗಟ್ಟಿ ಅಣಬೆ ಏಳುತ್ತದಲ್ಲ, ಅದು ಗ್ಯಾನೊಡರ್ಮ ಜಾತಿಯದು. ಅದೇ ಜಾತಿಯ ಒಂದು ದೊಡ್ಡ ಅಣಬೆ ದಿನಕ್ಕೆ ಸುಮಾರು 3000 ಕೋಟಿ ಬೀಜಕ ಬಿಡುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಒಂದು ದಿನಕ್ಕೆ ನಿಲ್ಲುವುದೂ ಇಲ್ಲ, ತಿಂಗಳುಗಟ್ಟಲೆ ಬಿಡುತ್ತದೆ. ಒಂದೊಂದು ಬೀಜಕದ ಅಗಲ ಕೂದಲೆಳೆಯ ಹತ್ತರಲ್ಲಿ ಒಂದು ಪಾಲು. ಗಾಳಿ ಅಲುಗದ ಕೋಣೆಯಲ್ಲೂ ಅದು ಸೆಕೆಂಡಿಗೆ ಒಂದೆರಡು ಮಿಲಿಮೀಟರ್‌ನಷ್ಟು ನಿಧಾನವಾಗಿ ಇಳಿಯುತ್ತದೆ. ಮಾಡಿನಿಂದ, ಅಂದರೆ ಛಾವಣಿಯಿಂದ ನೆಲಕ್ಕೆ ಬರಲು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಯಾರೋ ಬಾಗಿಲು ತೆಗೆದರೆ ಮತ್ತೆ ಮೇಲೇಳುತ್ತದೆ.

ಅಣಬೆ ಬೀಜಕ ಬಿಡುವ ರೀತಿಯೂ ನೋಡುವಂಥದ್ದು. ಬೀಜಕದ ಬುಡದಲ್ಲಿ ಒಂದು ಸಣ್ಣ ನೀರಿನ ಹನಿ ಕಟ್ಟುತ್ತದೆ. ಆ ಹನಿ ಬೀಜಕದ ಮೈಮೇಲಿನ ನೀರಿನ ಪದರಕ್ಕೆ ತಾಗಿ ಸೇರಿಕೊಂಡ ಕ್ಷಣದಲ್ಲಿ ಬೀಜಕ ಚಿಮ್ಮುತ್ತದೆ. ಇದನ್ನು ಬುಲ್ಲರ್ ಹನಿ ಎನ್ನುತ್ತಾರೆ. ಹನಿ ಕಟ್ಟಬೇಕಾದರೆ ಗಾಳಿಯಲ್ಲಿ ತೇವ ಇರಬೇಕು. ಹಾಗಾಗಿ ಅಣಬೆ ಜಾತಿಯ ಬೀಜಕಗಳು ರಾತ್ರಿ, ಬೆಳಗಿನ ಜಾವ, ಮಳೆ ಬಂದು ಹೋದ ಮೇಲೆ ಗಾಳಿಯಲ್ಲಿ ಹೆಚ್ಚಾಗುತ್ತವೆ. ಹೀಗೆ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 5 ಕೋಟಿ ಟನ್ ಶಿಲೀಂಧ್ರ ಬೀಜಕ ಗಾಳಿ ಸೇರುತ್ತದೆ ಎಂದು 2007ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ.

ಬೀಜಕ ಇಲ್ಲದ ಜಾಗ ಅಂತ ಹುಡುಕಿದರೆ ಅಂಟಾರ್ಕ್ಟಿಕಾ ನೆನಪಾಗಬಹುದು. ಅಲ್ಲಿ ಕೇಪ್ ಇವಾನ್ಸ್ ಎಂಬಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಸ್ಕಾಟ್ ತಂಡ 1911ರಲ್ಲಿ ಕಟ್ಟಿದ ಮರದ ಮನೆ ಈಗಲೂ ನಿಂತಿದೆ. ಅಷ್ಟು ಚಳಿಯಲ್ಲಿ, ಮರವೇ ಬೆಳೆಯದ ಖಂಡದಲ್ಲಿ, ನೆಲಕ್ಕೆ ತಾಗಿದ ಹಲಗೆಗಳು ಕೊಳೆತಿವೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ರಾಬರ್ಟ್ ಬ್ಲಾಂಚೆಟ್ ಮತ್ತು ಅವರ ಜೊತೆಗಾರರು ಪರೀಕ್ಷಿಸಿದಾಗ ಕ್ಯಾಡೊಫೋರ ಎಂಬ ಶಿಲೀಂಧ್ರ ಸಿಕ್ಕಿತು. ಆ ಹಳೆಯ ಮನೆಗಳ ಗಾಳಿಯಲ್ಲೂ ಬೀಜಕಗಳು ಸಿಕ್ಕಿವೆ. ಹಿಮ ಕರಗುವ ಬೇಸಿಗೆಯ ಕೆಲವು ವಾರ ಮಾತ್ರ ಆ ಹಲಗೆಗಳಿಗೆ ನೀರು. ಅಷ್ಟೇ ಸಾಕಾಯಿತು. ಅಲ್ಲೇ ಹೀಗೆ ಅಂದಮೇಲೆ ಆಗುಂಬೆಯ ಗಾಳಿಯಿಂದ ಬೀಜಕ ಸೋಸಿ ತೆಗೆಯುತ್ತೇವೆ ಅನ್ನುವ ಮಾತಿಗೆ ಅರ್ಥವಿಲ್ಲ.

ಹಾಗಾದರೆ ಗಾಳಿ ಪರೀಕ್ಷೆ ಏನು ಹೇಳುತ್ತದೆ? ಸಾಮಾನ್ಯವಾಗಿ ಮಾಡುವುದು ಇಷ್ಟು: ಪೋಷಕ ತುಂಬಿದ ತಟ್ಟೆಯ ಮೇಲೆ ಮನೆಯ ಗಾಳಿ ಹಾಯಿಸುತ್ತಾರೆ, ಕೆಲವು ದಿನ ಬಿಟ್ಟು ಏನು ಬೆಳೆದಿದೆ ಅಂತ ಎಣಿಸುತ್ತಾರೆ. ತಟ್ಟೆಯ ತುಂಬ ಬರುವುದು ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೊಸ್ಪೋರಿಯಂ ಥರದವು. ಇವು ಬೂಷ್ಟಿನ ಜಾತಿ. ಬ್ರೆಡ್ಡು, ಚಪ್ಪಲಿ, ಗೋಡೆ ಎಲ್ಲದರ ಮೇಲೂ ಬೇಗ ಬೇಗ ಬೆಳೆಯುತ್ತವೆ. ಮರವನ್ನು ಒಳಗಿನಿಂದ ತಿಂದು ಲಡ್ಡು ಮಾಡುವ ಅಣಬೆ ಜಾತಿಯವು ನಿಧಾನ. ತಟ್ಟೆಯಲ್ಲಿ ಬೂಷ್ಟಿನ ಅಡಿ ಮುಚ್ಚಿ ಹೋಗುತ್ತವೆ, ಎಷ್ಟೋ ಸಲ ಬೆಳೆಯುವುದೇ ಇಲ್ಲ. ಜರ್ಮನಿಯ ಮೈಂಜ್ ಊರಿನ ಗಾಳಿಯಲ್ಲಿದ್ದ ಡಿಎನ್‌ಎ ಓದಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಕ್ಕ ಶಿಲೀಂಧ್ರ ಜಾತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಣಬೆಗಳ ಗುಂಪಿನವೇ ಆಗಿದ್ದವು. ತಟ್ಟೆ ತೋರಿಸುವ ಗಾಳಿಯೇ ಬೇರೆ, ನಿಜವಾದ ಗಾಳಿಯೇ ಬೇರೆ.

ಅಲರ್ಜಿ, ಉಬ್ಬಸ ಇರುವವರ ಮನೆಯಲ್ಲಿ ಈ ಪರೀಕ್ಷೆಗೆ ಅದರದೇ ಉಪಯೋಗ ಇರಬಹುದು. ಅದು ವೈದ್ಯರಿಗೆ ಬಿಟ್ಟ ವಿಷಯ. ಮರ ಉಳಿಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರ ಇಲ್ಲ. ಬೀಜಕದ ಸಂಖ್ಯೆ ದುಪ್ಪಟ್ಟಾದರೆ ಮರ ಎರಡು ಪಟ್ಟು ಬೇಗ ಕೊಳೆಯುತ್ತದೆ ಅಂತಿಲ್ಲ. ಒಂದು ಬೀಜಕ ಮೊಳೆತರೂ ಕೆಲಸ ಶುರು. ಕೋಟಿ ಬೀಜಕ ಬಿದ್ದರೂ ಮರ ಒಣಗಿದ್ದರೆ ಒಂದೂ ಮೊಳೆಯುವುದಿಲ್ಲ.

ಎಷ್ಟು ಒಣಗಿರಬೇಕು? ಇದಕ್ಕೆ ಸಾಕಷ್ಟು ಖಚಿತವಾದ ಲೆಕ್ಕ ಇದೆ. ಮರದ ಒಣ ತೂಕಕ್ಕೆ ಹೋಲಿಸಿ ಅದರೊಳಗೆ ಎಷ್ಟು ನೀರಿದೆ ಅನ್ನುವುದನ್ನು ಶೇಕಡಾವಾರು ಹೇಳುತ್ತಾರೆ. ಶೇ 20ರ ಕೆಳಗೆ ಇದ್ದರೆ ಮರ ಕೊಳೆಯುವುದಿಲ್ಲ. ಶೇ 28-30 ಮುಟ್ಟಿದರೆ ಮರದ ಕೋಶಗಳ ಗೋಡೆ ನೀರು ಕುಡಿದು ತುಂಬಿರುತ್ತದೆ, ಅದರ ಮೇಲಿನ ನೀರು ಕೋಶದ ಪೊಳ್ಳಿನಲ್ಲಿ ನಿಲ್ಲುತ್ತದೆ. ಬೀಜಕ ಮೊಳೆತು ಬೇರೂರಲು ಹೆಚ್ಚು ಕಡಿಮೆ ಈ ಮಟ್ಟದ ಒದ್ದೆ ಬೇಕು, ಅದೂ ಬಹಳ ದಿನ ಬಿಡದೆ. ಒಮ್ಮೆ ಬೇರೂರಿದ ಮೇಲೆ ಶೇ 20ಕ್ಕಿಂತ ಸ್ವಲ್ಪ ಮೇಲಿದ್ದರೂ ಅದು ಮೆಲ್ಲಗೆ ತಿನ್ನುತ್ತಾ ಹೋಗುತ್ತದೆ. ಪೂರ್ತಿ ಒಣಗಿಸಿದರೆ ನಿಲ್ಲುತ್ತದೆ, ಆದರೆ ಎಷ್ಟೋ ಸಲ ಸಾಯುವುದಿಲ್ಲ. ಮುಂದಿನ ಮಳೆಗಾಲದಲ್ಲಿ ಅದೇ ಜಾಗ ಮತ್ತೆ ನೆಂದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಇನ್ನು ಗಾಳಿಯ ತೇವ. ಗಾಳಿಯಲ್ಲಿ ತೇವಾಂಶ ಶೇ 65 ಇದ್ದಾಗ ಮರ ಶೇ 12ರ ಹತ್ತಿರ ನಿಲ್ಲುತ್ತದೆ. ಶೇ 90 ಇದ್ದರೆ ಸುಮಾರು ಶೇ 20. ಜುಲೈ ತಿಂಗಳ ತೀರ್ಥಹಳ್ಳಿಯಲ್ಲೋ ಸುಳ್ಯದಲ್ಲೋ ಗಾಳಿ ವಾರಗಟ್ಟಲೆ ಶೇ 90 ದಾಟಿಯೇ ಇರುತ್ತದೆ. ಅಂದರೆ ಬರೀ ಗಾಳಿಯ ತೇವವೇ ನಮ್ಮ ಮರಗಳನ್ನು ಅಪಾಯದ ಗೆರೆಯ ತನಕ ತಂದು ನಿಲ್ಲಿಸುತ್ತದೆ. ಗೆರೆ ದಾಟಿಸುವುದು ಹರಿಯುವ ನೀರು. ಸೋರುವ ಹೆಂಚು, ಗೋಡೆ ಹೀರಿದ ಮಳೆ, ಬಚ್ಚಲಿನ ಎರಚಲು.

ಬೂಷ್ಟಿಗೆ ಅಷ್ಟೂ ಬೇಡ. ತೇವದ ಗಾಳಿ ಸಾಕು, ಸೋರಿಕೆ ಬೇಕಾಗಿಲ್ಲ. ಅದು ಮರದ ಮೇಲ್ಮೈಯ ಸಕ್ಕರೆ, ಧೂಳು, ಎಣ್ಣೆಜಿಡ್ಡು ತಿಂದು ಬದುಕುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಮರದ ಗಟ್ಟಿತನಕ್ಕೆ ಏನೂ ಆಗಿರುವುದಿಲ್ಲ. ಮುಚ್ಚಿಗೆಯ ಬಿಳಿ ಬೂಷ್ಟು ನೋಡಿ ಗಾಬರಿಯಾಗಿ ಸಾವಿರಾರು ರೂಪಾಯಿಯ ಔಷಧಿ ಹೊಡೆಸಿ, ಅದೇ ಮನೆಯ ಮೂಲೆಯಲ್ಲಿ ಬೂಷ್ಟೇ ಕಾಣದ ತೊಲೆಯ ತುದಿ ಒಳಗೊಳಗೇ ಪುಡಿಯಾಗುತ್ತಿರುವುದನ್ನು ಬಿಟ್ಟುಬಿಡುತ್ತಾರೆ. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಇದೇ.

ಆ ತುದಿಯನ್ನೇ ಹತ್ತಿರದಿಂದ ನೋಡೋಣ. ಪಕಾಸು ಗೋಡೆಯ ಮೇಲಿನ ಅಡ್ಡ ತೊಲೆಗೆ ಕೂತು ಹೊರಗೆ ಸೂರಿನ ತನಕ ಚಾಚಿರುತ್ತದೆ. ಸೂರಿನಲ್ಲಿ ಅದರ ತುದಿ ಅಡ್ಡ ಕೊಯ್ದ ಮುಖ. ಮರದ ನಾಳಗಳೆಲ್ಲ ಅಲ್ಲಿ ಬಾಯಿ ತೆರೆದಿರುತ್ತವೆ. ಪಕ್ಕದ ಮೈಗಿಂತ ಎಷ್ಟೋ ಪಟ್ಟು ಬೇಗ ಈ ಮುಖ ನೀರು ಹೀರುತ್ತದೆ. ಬಿಸಿಲಿಗೆ ಅಲ್ಲಿ ಸಣ್ಣ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಹೋದ ಹನಿ ಎರಡು ದಿನ ಬಿಸಿಲು ಬಂದರೂ ಆರುವುದಿಲ್ಲ. ಅಲ್ಲಿ ಮೊದಲೇ ಬಂದು ಕೂತ ಬೀಜಕ ನೀರು ಕುಡಿದು ಉಬ್ಬುತ್ತದೆ, ಎಳೆ ಬಿಡುತ್ತದೆ. ಎಳೆಯ ತುದಿಯಿಂದ ಕಿಣ್ವ ಸುರಿದು ಮರವನ್ನು ಹೊರಗೇ ಕರಗಿಸಿ ಒಳಗೆ ಹೀರಿಕೊಳ್ಳುತ್ತದೆ. ಮರ ನಾರುನಾರಾಗಿ, ಬೆಳ್ಳಗೆ, ಮೆತ್ತಗೆ ಆಗಿದ್ದರೆ ಅದು ಬಿಳಿ ಕೊಳೆ. ನಮ್ಮ ನಾಟಿ ಗಟ್ಟಿ ಮರಗಳಲ್ಲಿ ಹೆಚ್ಚಾಗಿ ಕಾಣುವುದು ಇದು. ಕಂದು ಬಣ್ಣಕ್ಕೆ ತಿರುಗಿ, ಚೌಕ ಚೌಕ ಬಿರುಕು ಬಿಟ್ಟು, ಬೆರಳಲ್ಲಿ ಹಿಸುಕಿದರೆ ಪುಡಿಯಾದರೆ ಅದು ಕಂದು ಕೊಳೆ. ಪೈನ್ ಥರದ ಹಗುರ ಮರಗಳಿಗೆ ಇದರ ಕಾಟ ಜಾಸ್ತಿ. ಆಮದು ಪೈನ್ ಈಗ ನಮ್ಮ ಬಾಗಿಲು, ಪೀಠೋಪಕರಣಗಳಿಗೂ ಬಂದಿರುವುದರಿಂದ ಕಂದು ಕೊಳೆಯ ಗುರುತನ್ನೂ ತಿಳಿದಿರಬೇಕು.

ಕಂದು ಕೊಳೆಯ ಕೆಟ್ಟ ಗುಣ ಏನೆಂದರೆ ಕಣ್ಣಿಗೆ ಕಾಣುವ ಮೊದಲೇ ಶಕ್ತಿ ಹೋಗಿರುತ್ತದೆ. ಮರದ ತೂಕ ಹತ್ತರಲ್ಲಿ ಒಂದು ಪಾಲು ಇಳಿಯುವಷ್ಟರಲ್ಲಿ ಅದರ ಬಲ ಅರ್ಧಕ್ಕೂ ಮೀರಿ ಕುಗ್ಗಿರಬಹುದು. ಹೊರಗೆ ಬಣ್ಣ ಚೆನ್ನಾಗೇ ಇರುತ್ತದೆ. ಹೆಂಚು ಬದಲಿಸಲು ಹತ್ತಿದವರ ಕಾಲ ಕೆಳಗೆ ರೀಪು ಮುರಿಯುವುದು ಹೀಗೆ.

ನೀರು ಇರಬೇಕು ಅಂದೆ, ಆದರೆ ಪೂರ್ತಿ ನೀರಾದರೂ ಕೊಳೆಯುವುದಿಲ್ಲ. ಶಿಲೀಂಧ್ರಕ್ಕೆ ಉಸಿರಾಡಲು ಗಾಳಿ ಬೇಕು. ಕೇರಳದಲ್ಲಿ ಬಾವಿಯ ತಳಕ್ಕೆ ನೆಲ್ಲಿ ಮರದ ಹಲಗೆ ಕೂರಿಸುವ ರೂಢಿ ಇದೆ. ಸದಾ ಮುಳುಗಿರುವ ಆ ಮರ ಬಹಳ ಕಾಲ ಬಾಳುತ್ತದೆ. ಬೇಲಿ ಗೂಟ ಮುರಿಯುವುದು ಎಲ್ಲಿ ಅಂತ ಗಮನಿಸಿ. ಮಣ್ಣಿನೊಳಗೆ ಆಳದಲ್ಲೂ ಅಲ್ಲ, ಮೇಲೆ ಬಿಸಿಲಿನಲ್ಲೂ ಅಲ್ಲ. ಮಣ್ಣು ಮತ್ತು ಗಾಳಿ ಸೇರುವ ಗೇಣುದ್ದದ ಜಾಗದಲ್ಲಿ. ನೀರೂ ಇದೆ, ಗಾಳಿಯೂ ಇದೆ.

ಯಾವ ಊರಿನಲ್ಲಿ ಅಪಾಯ ಎಷ್ಟು ಅನ್ನುವುದನ್ನು ಅಂದಾಜು ಮಾಡಲು ಒಂದು ಸರಳ ಸೂತ್ರ ಇದೆ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯದ ಥಿಯೊಡೋರ್ ಶೆಫರ್ 1971ರಲ್ಲಿ ಕೊಟ್ಟದ್ದು. ನೆಲಕ್ಕೆ ತಾಗದೆ ಮಳೆಗಾಳಿಗೆ ತೆರೆದುಕೊಂಡಿರುವ ಮರಕ್ಕೆ ಇದು ಅನ್ವಯಿಸುತ್ತದೆ. ತಿಂಗಳ ಸರಾಸರಿ ಉಷ್ಣತೆಯಿಂದ 2 ಕಳೆಯಿರಿ. ಆ ತಿಂಗಳು ಕಾಲು ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನಗಳಿಂದ 3 ಕಳೆಯಿರಿ. ಎರಡನ್ನೂ ಗುಣಿಸಿ 16.7ರಿಂದ ಭಾಗಿಸಿ. ಹನ್ನೆರಡು ತಿಂಗಳದ್ದನ್ನೂ ಕೂಡಿಸಿದರೆ ಆ ಊರಿನ ಅಂಕ ಸಿಗುತ್ತದೆ. ಇಡೀ ವರ್ಷಕ್ಕೆ 35ರ ಕೆಳಗಿದ್ದರೆ ಅಪಾಯ ಕಡಿಮೆ, 65 ದಾಟಿದರೆ ಹೆಚ್ಚು.

ನಮ್ಮ ಕರಾವಳಿಯ ಒಂದು ಜುಲೈ ತಿಂಗಳನ್ನು ತೆಗೆದುಕೊಳ್ಳಿ. ಸರಾಸರಿ 26 ಡಿಗ್ರಿ, ಮಳೆ ಬಿದ್ದ ದಿನ 28 ಅಂತಿಟ್ಟುಕೊಳ್ಳೋಣ. 24ನ್ನು 25ರಿಂದ ಗುಣಿಸಿ 16.7ರಿಂದ ಭಾಗಿಸಿದರೆ ಸುಮಾರು 36. ಒಂದೇ ತಿಂಗಳಿಗೆ! ವರ್ಷಪೂರ್ತಿ ಸೇರಿ 35 ಬಂದರೆ ಮಧ್ಯಮ ಅಪಾಯ ಅನ್ನುವ ಅಳತೆಯಲ್ಲಿ ನಮ್ಮ ಜುಲೈ ಒಂದೇ ಅದನ್ನು ದಾಟುತ್ತದೆ. ಇನ್ನು ಜೂನ್, ಆಗಸ್ಟ್, ಸೆಪ್ಟೆಂಬರ್ ಬಾಕಿ ಇವೆ. 24 ಡಿಗ್ರಿ ಇದ್ದು 13 ದಿನ ಮಳೆ ಬೀಳುವ ಬಯಲುಸೀಮೆಯ ಊರಿಗೆ ಅದೇ ತಿಂಗಳು ಬರುವುದು ಸುಮಾರು 13.

ಈ ಸೂತ್ರದಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದು ಅಂಶ. ಶೆಫರ್ ಎಣಿಸಿದ್ದು ಮಳೆಯ ದಿನಗಳನ್ನು, ಮಳೆಯ ಪ್ರಮಾಣವನ್ನಲ್ಲ. ಒಂದೇ ರಾತ್ರಿ ಹತ್ತು ಇಂಚು ಸುರಿದು ಮರುದಿನದಿಂದ ಬಿಸಿಲು ಹೊಡೆದರೆ ಮರ ಆರುತ್ತದೆ. ಇಪ್ಪತ್ತು ದಿನ ಜಿಟಿಜಿಟಿ ಹನಿದರೆ ಆರುವುದಿಲ್ಲ. ಸುದ್ದಿಯಲ್ಲಿ ಬರುವುದು ಹತ್ತು ಇಂಚಿನ ಮಳೆ. ಮಾಡು ಹಾಳುಮಾಡುವುದು ಜಿಟಿಜಿಟಿ ಮಳೆ. ನವರಾತ್ರಿ ಕಳೆದ ಮೇಲೂ, ದೀಪಾವಳಿಯ ತನಕವೂ ಮಳೆ ಎಳೆದುಕೊಂಡು ಹೋದ ವರ್ಷಗಳಲ್ಲಿ ಅಡಿಕೆ ಒಣಗಿಸಲು ಪಟ್ಟ ಪಾಡು ಎಲ್ಲರಿಗೂ ನೆನಪಿರುತ್ತದೆ. ಅಡಿಕೆ ಒಣಗದ ಆ ದಿನಗಳಲ್ಲಿ ಮನೆಯ ಮರವೂ ಒಣಗಿರುವುದಿಲ್ಲ ಅಲ್ವಾ?

ಹಾಗಂತ ಈ ಊರುಗಳಲ್ಲಿ ನೂರು ವರ್ಷ ದಾಟಿದ ಮರದ ಮನೆಗಳು ಎಷ್ಟು ಬೇಕಾದರೂ ಇವೆ. ಮೂಡುಬಿದಿರೆಯ ಚೌಟರ ಅರಮನೆಯ ಕೆತ್ತನೆ ಕಂಬಗಳು ಅದೇ ಕರಾವಳಿಯ ಗಾಳಿಯಲ್ಲಿ ಶತಮಾನಗಳಿಂದ ನಿಂತಿವೆ. ಆ ಗಾಳಿಯಲ್ಲಿ ಬೀಜಕ ಇರಲಿಲ್ಲವೇ? ಇತ್ತು. ಕಟ್ಟಿದವರಿಗೆ ಬೀಜಕದ ವಿಷಯ ಗೊತ್ತಿರಲಿಲ್ಲ, ನೀರಿನ ವಿಷಯ ಚೆನ್ನಾಗಿ ಗೊತ್ತಿತ್ತು. ಹಳೆಯ ಮನೆಗಳಲ್ಲಿ ಮರದ ಕಂಬ ನೇರ ನೆಲಕ್ಕೆ ಊರಿರುವುದಿಲ್ಲ, ಅಡಿಯಲ್ಲಿ ಕಲ್ಲಿನ ಪೀಠ ಇರುತ್ತದೆ. 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪುವಿನ ಬೇಸಿಗೆ ಅರಮನೆಯ ತೇಗದ ಕಂಬಗಳೂ ಕಲ್ಲಿನ ಮೇಲೇ ಕೂತಿವೆ. ನೆಲದ ತೇವ ಮರದ ಅಡ್ಡ ಕೊಯ್ದ ಮುಖಕ್ಕೆ ಏರದಂತೆ ಕಲ್ಲು ತಡೆಯುತ್ತದೆ. ಸೂರು ಉದ್ದಕ್ಕೆ ಚಾಚಿ ಗೋಡೆಗೆ ಎರಚಲು ಹೊಡೆಯದಂತೆ ಕಾಯುತ್ತದೆ.

ಹೆಂಚಿನ ಮಾಡಿನದೂ ಇದೇ ಕಥೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹೆಂಚು ಊರೂರಿಗೆ ಹೋಯಿತು. ಹೆಂಚು ಮಳೆ ತಡೆಯುತ್ತದೆ, ಆದರೆ ಸಂದಿಗಳಲ್ಲಿ ಗಾಳಿ ಬಿಡುತ್ತದೆ. ಅದರ ಕೆಳಗಿನ ಪಕಾಸು ನೆಂದರೂ ಆರುವ ಅವಕಾಶ ಇರುತ್ತದೆ. ಕೆಳಗೆ ಅಡುಗೆ ಒಲೆ, ಬಚ್ಚಲ ಒಲೆ ಉರಿಯುತ್ತಿತ್ತು. ಹೊಗೆ ಹಿಡಿದು ಕಪ್ಪಾದ ಪಕಾಸು ಗಟ್ಟಿ ಅಂತ ಹಿರಿಯರು ಹೇಳುತ್ತಾರೆ. ಹೊಗೆಗೆ ಹುಳ, ಬೂಷ್ಟು ದೂರವಿಡುವ ಗುಣ ಸ್ವಲ್ಪ ಇದೆ. ನನ್ನ ಅಭಿಪ್ರಾಯದಲ್ಲಿ ಹೊಗೆಗಿಂತ ದೊಡ್ಡ ಕೆಲಸ ಮಾಡಿದ್ದು ಬಿಸಿ. ಆಷಾಢದಲ್ಲೂ ದಿನಕ್ಕೆ ಎರಡು ಹೊತ್ತು ಒಲೆಯ ಬಿಸಿ ಅಟ್ಟಕ್ಕೆ ಏರಿ ಮರವನ್ನು ಅಪಾಯದ ಗೆರೆಯಿಂದ ಕೆಳಗೆ ಇಳಿಸುತ್ತಿತ್ತು.

ಈಗ ಅಡುಗೆ ಗ್ಯಾಸಿನಲ್ಲಿ, ಸ್ನಾನದ ನೀರು ಸೋಲಾರ್‌ನಲ್ಲೋ ಗೀಸರ್‌ನಲ್ಲೋ. ಹೊಗೆ ಕುಡಿಯುತ್ತಿದ್ದ ಹೆಂಗಸರ ಶ್ವಾಸಕೋಶಕ್ಕೆ ಇದು ದೊಡ್ಡ ಬಿಡುಗಡೆ. ಒಲೆಗೆ ವಾಪಸ್ ಹೋಗಿ ಅಂತ ಯಾರೂ ಹೇಳಬಾರದು. ಆದರೆ ಅಟ್ಟ ಒಣಗಿಸುತ್ತಿದ್ದ ಬಿಸಿ ನಿಂತಿದೆ ಅನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡು ಅದರ ಜಾಗದಲ್ಲಿ ಗಾಳಿಯಾಡಲು ದಾರಿ ಮಾಡಬೇಕಿತ್ತು. ಮಾಡಿದ್ದು ಅದಕ್ಕೆ ಉಲ್ಟಾ. ಹೆಂಚಿನ ಮೇಲೆ ತಗಡಿನ ಶೀಟು ಬಂತು. ಶೀಟು ಸೋರಿಕೆ ನಿಲ್ಲಿಸುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ರಾತ್ರಿ ತಣ್ಣಗಾದ ತಗಡಿನ ಅಡಿಗೆ ಒಳಗಿನ ತೇವ ಹನಿಯಾಗಿ ಕಟ್ಟುತ್ತದೆ, ಹನಿ ಮರದ ಮೇಲೆ ಬೀಳುತ್ತದೆ. ಎರಡು ಕೊನೆಯಲ್ಲೂ ಗಾಳಿ ಹೋಗಿ ಬರಲು ಜಾಗ ಬಿಟ್ಟು ಶೀಟು ಹಾಕಿದ ಮನೆಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಸಿಮೆಂಟಿನದು ಇನ್ನೊಂದು. ತೊಲೆಯ ತುದಿಯನ್ನು ಗೋಡೆಯೊಳಗೆ ಸಿಮೆಂಟು ಹಾಕಿ ಬಿಗಿಯಾಗಿ ಮುಚ್ಚುತ್ತಾರೆ. ಗಟ್ಟಿಯಾಯಿತು ಅಂತ ಕಾಣುತ್ತದೆ. ಹೊರಗೋಡೆ ಮಳೆ ಹೀರಿದಾಗ ಆ ತೇವ ನೇರ ಮರದ ತುದಿಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ತುದಿಯ ಸುತ್ತ ಬೆರಳಗಲ ಸಂದಿ ಬಿಟ್ಟರೆ ಅದೇ ತೊಲೆ ಉಳಿಯುತ್ತದೆ. ಮರದ ಮೈತುಂಬ ದಪ್ಪಗೆ ಎನಾಮೆಲ್ ಬಳಿಯುವುದರಿಂದಲೂ ಇದೇ ಆಗುತ್ತದೆ. ಬಣ್ಣ ಬಿರಿದ ಕಡೆ ನೀರು ಒಳಗೆ ಹೋಗುತ್ತದೆ, ಉಳಿದ ಬಣ್ಣ ಅದನ್ನು ಹೊರಗೆ ಬಿಡುವುದಿಲ್ಲ. ಸರಿಯಾಗಿ ಒಣಗದ ಹಸಿ ಮರಕ್ಕೆ ಬಣ್ಣ ಬಳಿದರಂತೂ ನೀರನ್ನು ಒಳಗಿಟ್ಟೇ ಬಾಗಿಲು ಹಾಕಿದಂತೆ.

ನಗರದ ಫ್ಲ್ಯಾಟಿನಲ್ಲಿರುವವರು ಬಚ್ಚಲು ಮನೆಯ ಬಾಗಿಲನ್ನು ನೋಡಿದರೆ ಸಾಕು. ಬಾಗಿಲು ಕೊಳೆಯುವುದು ಕೆಳಗಿನಿಂದ. ಕೆಳ ಅಂಚು ಅಡ್ಡ ಕೊಯ್ದ ಮುಖ, ಕಣ್ಣಿಗೆ ಕಾಣದ ಜಾಗ. ಬಾಗಿಲು ಕೂರಿಸಿದ ಮೇಲೆ ಬ್ರಷ್ಷು ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ಬಹಳಷ್ಟು ಬಾಗಿಲುಗಳಿಗೆ ಅಲ್ಲಿ ಬಣ್ಣವೇ ಇರುವುದಿಲ್ಲ. ಬಡಗಿ ಬಾಗಿಲು ಕೂರಿಸುವ ಮೊದಲೇ ಅಡಿ ಅಂಚಿಗೆ ಎರಡು ಕೋಟು ಬಳಿಸಿಕೊಂಡರೆ ಹತ್ತು ನಿಮಿಷದ ಕೆಲಸ.

ಮರದ ಗುಣದ ಮಾತೂ ಬರಲೇಬೇಕು. ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಜೋಡಿ ಉದಾಹರಣೆ ಇದೆ. ಇಂಗ್ಲೆಂಡಿನ ನೌಕಾಪಡೆಗೆ 1810ರಲ್ಲಿ ಡೆಟ್‌ಫರ್ಡ್‌ನಲ್ಲಿ ನೀರಿಗಿಳಿದ ಕ್ವೀನ್ ಶಾರ್ಲೆಟ್ ಎಂಬ ಯುದ್ಧನೌಕೆ ಸಮುದ್ರಕ್ಕೆ ಹೋಗುವ ಮೊದಲೇ ಕೊಳೆಯಿತು. ಒಳಗೆ ಬೆಳೆದಿದ್ದ ಅಣಬೆಗಳನ್ನು ಪರೀಕ್ಷಿಸಲು ಜೇಮ್ಸ್ ಸೋವರ್ಬಿ ಎಂಬ ನಿಸರ್ಗ ತಜ್ಞನನ್ನು ಕರೆಸಬೇಕಾಯಿತು. ಸರಿಯಾಗಿ ಒಣಗಿಸದ ಮರ, ಗಾಳಿಯಾಡದ ಒಳಭಾಗ ಎರಡೂ ಅಲ್ಲಿ ಸೇರಿದ್ದವು. ಅದೇ ನೌಕಾಪಡೆಗಾಗಿ ವಾಡಿಯಾ ಮನೆತನದವರು ಬೊಂಬಾಯಿಯಲ್ಲಿ ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೊಮಲೀ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ನಮ್ಮ ಪಶ್ಚಿಮ ಕರಾವಳಿಯ ಕಾಡಿನ ಮರ ಅದು.

ತೇಗದ ಈ ತಾಕತ್ತು ಇರುವುದು ಅದರ ಚೇಗಿನಲ್ಲಿ. ಒಳಗಿನ ಕಂದು ಭಾಗದಲ್ಲಿ ಶಿಲೀಂಧ್ರ, ಗೆದ್ದಲು ಎರಡಕ್ಕೂ ಒಗ್ಗದ ರಾಸಾಯನಿಕಗಳು ಸೇರಿರುತ್ತವೆ. ಹೊರಗಿನ ಬಿಳಿ ಮರದಲ್ಲಿ ಅವು ಇಲ್ಲ, ಬದಲಿಗೆ ಪಿಷ್ಟ, ಸಕ್ಕರೆ ಇರುತ್ತದೆ. ಬಿಳಿ ಭಾಗ ಯಾವ ಮರದ್ದಾದರೂ ಒಂದೇ, ತೇಗದ್ದಾದರೂ ಕೊಳೆಯುತ್ತದೆ. ಇಪ್ಪತ್ತು ವರ್ಷಕ್ಕೇ ಕಡಿದ ತೋಟದ ತೇಗದಲ್ಲಿ ಬಿಳಿ ಭಾಗದ ಪಾಲು ಜಾಸ್ತಿ. "ತೇಗದ ಬಾಗಿಲು" ಅಂತ ದುಡ್ಡು ಕೊಟ್ಟು ತಂದು, ಐದು ಮಳೆಗಾಲಕ್ಕೆ ಅಂಚು ಉದುರಿದರೆ ತೇಗವನ್ನು ಬೈದು ಪ್ರಯೋಜನವಿಲ್ಲ. ಕೊಳ್ಳುವಾಗ ಹಲಗೆಯ ಅಡ್ಡ ಕೊಯ್ದ ಮುಖ ನೋಡಬೇಕು. ಭಾರತೀಯ ಮಾನಕದಲ್ಲಿ ಮರಗಳನ್ನು ಬಾಳಿಕೆಯ ಮೇಲೆ ಮೂರು ದರ್ಜೆ ಮಾಡಿದ್ದಾರೆ. ಮರದ ತುಂಡನ್ನು ಅರ್ಧ ಮಣ್ಣಿನಲ್ಲಿ ಹೂತು ಎಷ್ಟು ಕಾಲ ತಡೆಯುತ್ತದೆ ಅಂತ ನೋಡುತ್ತಾರೆ. ಸರಾಸರಿ 120 ತಿಂಗಳು ದಾಟಿದರೆ ಮೊದಲ ದರ್ಜೆ, 60ರಿಂದ 120 ಎರಡನೆಯದು, 60ಕ್ಕಿಂತ ಕಡಿಮೆ ಮೂರನೆಯದು. ಹೀಗೆ ಪರೀಕ್ಷಿಸುವುದು ಚೇಗಿನ ಭಾಗವನ್ನು. ತೇಗ ಮೊದಲ ದರ್ಜೆ. ಮಾವು, ರಬ್ಬರ್ ಮರ ಮೂರನೆಯ ದರ್ಜೆ. ಯಾವ ಮರ ಅಂತ ಗೊತ್ತಾಗದಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಐಡಬ್ಲ್ಯುಎಸ್‌ಟಿ ಎಂಬ ಮರ ವಿಜ್ಞಾನದ ಕೇಂದ್ರ ಸರ್ಕಾರಿ ಸಂಸ್ಥೆ ಇದೆ, ಮಾದರಿ ಕೊಟ್ಟು ಗುರುತಿಸಿಕೊಳ್ಳಬಹುದು.

ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮರ ಕೊಳೆಯುವ ಬಗ್ಗೆ ಸಿಗುವ ಸಲಹೆಯಲ್ಲಿ ಬಹುಪಾಲು ಇಂಗ್ಲೆಂಡಿನದು, ಅಲ್ಲಿನ ಡ್ರೈ ರಾಟ್ ಬಗ್ಗೆ. ಅದನ್ನು ತರುವುದು ಸರ್ಪುಲ ಲ್ಯಾಕ್ರಿಮಾನ್ಸ್ ಎಂಬ ಶಿಲೀಂಧ್ರ. ನೆಂದ ಜಾಗದಿಂದ ಹಗ್ಗದಂಥ ಎಳೆಗಳಲ್ಲಿ ನೀರು ಸಾಗಿಸಿಕೊಂಡು ಗೋಡೆ ದಾಟಿ ಹೋಗುವ ಶಕ್ತಿ ಅದಕ್ಕಿದೆ. ಹಿಮಾಲಯದ ಕಾಡಿನಲ್ಲೂ ಅದು ಸಿಕ್ಕಿದೆ. ತಂಪು ಬೇಕಾದ ಜೀವಿ ಅದು, ನಮ್ಮ ಸೆಕೆ ಅದಕ್ಕೆ ಆಗಿಬರುವುದಿಲ್ಲ. ಆ ಲೇಖನಗಳನ್ನು ಓದಿ ಹೆದರಿ ಗೋಡೆ ಒಡೆಸಲು ಹೋಗಬೇಡಿ.

ಔಷಧಿಯ ವಿಷಯ ಚುಟುಕಾಗಿ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರಕ್ಕೆ ಒತ್ತಡದಲ್ಲಿ ತುಂಬುವ ಸಿಸಿಎ ಎಂಬ ದ್ರಾವಣವನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಜಗತ್ತಿನಾದ್ಯಂತ ಕಂಬ, ಬೇಲಿಗೆ ಅದನ್ನೇ ಬಳಸಿದರು. ಆರ್ಸೆನಿಕ್ ವಿಷದ ಕಾರಣಕ್ಕೆ ಅಮೆರಿಕದಲ್ಲಿ 2004ರಿಂದ ಮನೆಬಳಕೆಯ ಮರಕ್ಕೆ ಅದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಸಿಸಿಎ ತುಂಬಿದ ಹಳೆಯ ಮರವನ್ನು ಒಲೆಗೆ ಹಾಕಲೇಬಾರದು. ಮನೆಯೊಳಗಿನ ಮರಕ್ಕೆ ಬೊರಾಕ್ಸ್-ಬೋರಿಕ್ ಆಮ್ಲದ ದ್ರಾವಣ ಒಳ್ಳೆಯದು, ಮನುಷ್ಯರಿಗೆ ಅಪಾಯವೂ ಕಡಿಮೆ. ಮಳೆಗೆ ತೊಳೆದು ಹೋಗುತ್ತದಾದ್ದರಿಂದ ಸೂರಿನ ಹೊರಗೆ ನಿಲ್ಲುವುದಿಲ್ಲ. ಕರಾವಳಿಯಲ್ಲಿ ದೋಣಿಗೆ ಬಳಿಯುವ ಗೇರೆಣ್ಣೆ ಹೊರಗಿನ ಮರಕ್ಕೂ ಆಗುತ್ತದೆ, ಮೈಗೆ ತಾಗಿದರೆ ಸುಡುತ್ತದೆ ಅನ್ನುವುದನ್ನು ಮರೆಯಬಾರದು. ಯಾವುದೇ ಔಷಧಿ ಆಗಲಿ, ಸೋರುತ್ತಿರುವ ಮಾಡಿನ ಕೆಳಗೆ ದುಡ್ಡು ದಂಡ.

ಮನೆಯಲ್ಲಿ ನೋಡಿಕೊಳ್ಳಲು ದೊಡ್ಡ ಸಲಕರಣೆ ಬೇಕಿಲ್ಲ. ಒಂದು ಸಣ್ಣ ಸ್ಕ್ರೂಡ್ರೈವರ್ ಸಾಕು. ಪಕಾಸಿನ ತುದಿ, ತೊಲೆ ಗೋಡೆ ಸೇರುವ ಜಾಗ, ದಾರಂದದ ಬುಡ, ಕಿಟಕಿಯ ಕೆಳಪಟ್ಟಿ, ಮಾಡಿನ ಎರಡು ಇಳಿಜಾರು ಸೇರುವ ತಗಡಿನ ಕಾಲುವೆಯ ಅಡಿ, ಇಷ್ಟು ಕಡೆ ಚುಚ್ಚಿ ನೋಡಿ. ಗಟ್ಟಿ ಮರ ತಡೆಯುತ್ತದೆ, ಸೀಳಿದರೆ ಉದ್ದ ಸಿಬಿರು ಏಳುತ್ತದೆ. ಕೆಟ್ಟದ್ದು ಸುಮ್ನೆ ಒಳಗೆ ಬಿಡುತ್ತದೆ, ತುಂಡು ತುಂಡಾಗಿ ಮುರಿಯುತ್ತದೆ. ಸಾವಿರ, ಎರಡು ಸಾವಿರ ರೂಪಾಯಿಗೆ ಸಿಗುವ ಎರಡು ಮುಳ್ಳಿನ ತೇವ ಮಾಪಕ ಇದ್ದರೆ ಇನ್ನೂ ಒಳ್ಳೆಯದು. ಶೇ 20ಕ್ಕಿಂತ ಮೇಲೆ ತೋರಿಸಿದ ಜಾಗಕ್ಕೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಗಾಳಿ ಪರೀಕ್ಷೆಗೆ ಕೊಡುವ ದುಡ್ಡಿನಲ್ಲಿ ಇಂಥ ಮಾಪಕ ಬಂದು, ಅಕ್ಕಪಕ್ಕದ ನಾಲ್ಕು ಮನೆಯವರೂ ಬಳಸಬಹುದು.

ಈಗ ನಿಜವಾಗಿ ಅಪಾಯದಲ್ಲಿರುವುದು ಬೀಗ ಹಾಕಿದ ಮನೆಗಳು. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಅಪ್ಪ ಅಮ್ಮ ಹೋದ ಮೇಲೆ ಮನೆ ಮುಚ್ಚಿದೆ, ವರ್ಷಕ್ಕೊಮ್ಮೆ ಹಬ್ಬಕ್ಕೋ ಶ್ರಾದ್ಧಕ್ಕೋ ತೆರೆಯುತ್ತಾರೆ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವವರಿಲ್ಲ. ಮಂಗ ಓಡಾಡಿ ಒಂದು ಹೆಂಚು ಜರುಗಿದರೆ, ಜೂನ್‌ನಲ್ಲಿ ಅಲ್ಲಿಂದ ಇಳಿಯತೊಡಗಿದ ನೀರನ್ನು ನೋಡುವವರು ನವೆಂಬರ್‌ವರೆಗೂ ಬರುವುದಿಲ್ಲ. ಮುಚ್ಚಿದ ಕಿಟಕಿಗಳಿಂದಾಗಿ ಒಳಗೆ ಬಂದ ತೇವ ಒಳಗೇ ಉಳಿಯುತ್ತದೆ. ಬೀಜಕಕ್ಕೆ ಬೇಕಾದ ಬಿಡದ ಒದ್ದೆ, 25 ಡಿಗ್ರಿಯ ಹದ, ಅಲುಗದ ಗಾಳಿ ಎಲ್ಲವೂ ಐದು ತಿಂಗಳು ಸಿಗುತ್ತದೆ. ಮೂರು ತಲೆಮಾರು ತಾಳಿದ ಮಾಡು ಎರಡು ಮಳೆಗಾಲದಲ್ಲಿ ಕುಸಿಯುವುದು ಹೀಗೆ.

ಅಂಥ ಮನೆ ಇರುವವರು ಮಾಡಬಹುದಾದದ್ದು ಇದೆ. ಬೀಗ ಹಾಕುವ ಮೊದಲು ಅಟ್ಟದ ಎರಡೂ ಕೊನೆಯ ಗಾಳಿಕಿಂಡಿಗಳಿಗೆ ಜಾಲರಿ ಬಡಿದು ತೆರೆದೇ ಬಿಡಿ. ಮೇ ಮುಗಿಯುವುದರೊಳಗೆ ಹೆಂಚು ಕೈಯಾಡಿಸಲು ಜನ ಸಿಗುವುದು ಕಷ್ಟವಾದ್ದರಿಂದ ಯುಗಾದಿ ಹೊತ್ತಿಗೇ ಮಾತಾಡಿ ಇಟ್ಟುಕೊಳ್ಳಿ. ಹತ್ತಿಪ್ಪತ್ತು ಹೆಂಚು ಮನೆಯಲ್ಲೇ ಇರಲಿ, ಹಳೆಯ ಅಳತೆಯ ಹೆಂಚು ಬೇಕೆಂದಾಗ ಅಂಗಡಿಯಲ್ಲಿ ಸಿಗುವುದಿಲ್ಲ. ನೆರೆಮನೆಯವರ ಹತ್ತಿರ ಒಂದು ಬೀಗದ ಕೈ ಕೊಟ್ಟು, ಅವರ ಸಮಯಕ್ಕೆ ಸರಿಯಾದ ಹಣವನ್ನೂ ಕೊಟ್ಟು, ಮೊದಲ ದೊಡ್ಡ ಮಳೆ ಬಂದ ಮರುದಿನ ಒಳಗೆ ಹೋಗಿ ಮಾಡು ನೋಡಲು ಹೇಳಿ. ಒದ್ದೆ ಕಲೆ ಕಂಡರೆ ಫೋಟೋ ಕಳಿಸಲಿ, ಆ ವಾರವೇ ಒಬ್ಬರನ್ನು ಹತ್ತಿಸಿ ಆ ಒಂದು ಹೆಂಚು ಸರಿಪಡಿಸಿ.